ಎನ್‌ಪಿಎಸ್‌ನಲ್ಲಿ ಹತ್ತು ವರ್ಷ, ಹನ್ನೆರಡು ಬಜೆಟ್

ನಾನು ಎನ್‌ಪಿಎಸ್ (ನಿವೃತ್ತಿಗೆಂದು ದುಡ್ಡು ಕಟ್ಟುವ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಖಾತೆ ತೆರೆದದ್ದು 2015ರ ಡಿಸೆಂಬರ್‌ನಲ್ಲಿ. ಆಗ ನನಗೆ 41 ವರ್ಷ, ಈಗ 51. ತುಮಕೂರಿನ ಒಂದು ಖಾಸಗಿ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ನನ್ನದು. ಹಾಗಾಗಿ ಜನವರಿ ಬಂದರೆ ಸಾಕು, "ಸಾರ್, ಎನ್‌ಪಿಎಸ್ ಮಾಡಿಸಲಾ, ತೆರಿಗೆ ಉಳಿಯುತ್ತಾ" ಎಂದು ಯಾರಾದರೂ ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳುವ ಬದಲು ಒಮ್ಮೆ ಪೂರ್ತಿ ಬರೆದುಬಿಡೋಣ ಎನಿಸಿತು. ಈಗ 2026ರ ಜನವರಿ, ಫೆಬ್ರವರಿ 1ಕ್ಕೆ ಮತ್ತೊಂದು ಬಜೆಟ್ ಬರುತ್ತದೆ. ನಾನು ಸೇರಿದ ಮೇಲೆ, ಚುನಾವಣೆ ವರ್ಷದ ಮಧ್ಯಂತರ ಬಜೆಟ್‌ಗಳನ್ನೂ ಸೇರಿಸಿದರೆ, ಹನ್ನೆರಡು ಬಜೆಟ್ ಆಗಿವೆ. ಇವತ್ತು ನನ್ನ ಖಾತೆ ನಾನು ಸೇರಿದಾಗ ಇದ್ದ ಖಾತೆಯಲ್ಲ. ನಂಬರ್ ಅದೇ, ಲೆಕ್ಕ ಬೇರೆ.

ಮೊದಲೇ ಒಂದು ಮಾತು. ರಾಜ್ಯ ಸರ್ಕಾರದಲ್ಲಿ 2006ರ ಏಪ್ರಿಲ್ ನಂತರ ಕೆಲಸಕ್ಕೆ ಸೇರಿದವರು ಎನ್‌ಪಿಎಸ್ ಬೇಡ, ಹಳೆ ಪಿಂಚಣಿ ಕೊಡಿ ಎಂದು ಕೇಳುತ್ತಿದ್ದಾರಲ್ಲ, ಅದು ಬೇರೆಯೇ ವಿಷಯ. ಅವರಿಗೆ ಇದು ಆಯ್ಕೆಯಾಗಿ ಬಂದದ್ದಲ್ಲ. ನಾನು ಬರೆಯುತ್ತಿರುವುದು ನನ್ನಂಥ ಖಾಸಗಿ ಜನರ ಬಗ್ಗೆ. 2009ರ ಮೇ 1ರಿಂದ ಯಾರು ಬೇಕಾದರೂ ತಾವಾಗಿ ಸೇರಬಹುದು ಎಂದಾಯಿತು, ಆ ಬಾಗಿಲಿನಿಂದ ಒಳಗೆ ಬಂದವರ ಬಗ್ಗೆ.

ನಾನು ಸೇರಿದ್ದು ತೆರಿಗೆ ಉಳಿಸಲು. ಬೇರೆ ಕಾರಣ ಇರಲಿಲ್ಲ. 2015ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಅವರು, ಉಳಿತಾಯಕ್ಕೆ ತೆರಿಗೆ ಕಾಯ್ದೆಯ 80ಸಿ ಕಲಂನಲ್ಲಿ ಸಿಗುವ ಒಂದೂವರೆ ಲಕ್ಷದ ವಿನಾಯಿತಿಯ ಮೇಲೆ ಇನ್ನೂ 50,000 ರೂಪಾಯಿಯನ್ನು ಎನ್‌ಪಿಎಸ್‌ಗೆ ಕಟ್ಟಿದರೆ ಆದಾಯದಿಂದ ಕಳೆಯಬಹುದು ಎಂದರು. ಅದೇ 80ಸಿಸಿಡಿ (1ಬಿ). ನಾನು ಶೇ. 20 ತೆರಿಗೆಯ ಸ್ಲ್ಯಾಬ್‌ನಲ್ಲಿದ್ದೆ. 50,000 ಕಟ್ಟಿದರೆ ಸೆಸ್ (ತೆರಿಗೆಯ ಮೇಲಿನ ತೆರಿಗೆ) ಸೇರಿ ವರ್ಷಕ್ಕೆ 10,300 ರೂಪಾಯಿ ಉಳಿಯುತ್ತಿತ್ತು. 2018ರಲ್ಲಿ ಸೆಸ್ ಶೇ. 4 ಆದ ಮೇಲೆ 10,400. ಒಂಬತ್ತು ವರ್ಷ ಹೀಗೆ ಕಟ್ಟಿದೆ. ಒಟ್ಟು ಉಳಿದದ್ದು 93,300 ರೂಪಾಯಿ. ಕಡಿಮೆ ಮೊತ್ತವಲ್ಲ ಅದು. ಮಗಳ ಒಂದು ವರ್ಷದ ಹಾಸ್ಟೆಲ್ ಖರ್ಚು.

ಆದರೆ 2024-25ಕ್ಕೆ ಬಂದಾಗ ನಾನು ಹೊಸ ತೆರಿಗೆ ಪದ್ಧತಿಗೆ ಹೋಗಬೇಕಾಯಿತು. ಯಾಕೆಂದರೆ ಹಳೆ ಪದ್ಧತಿಯಲ್ಲಿ ಎಲ್ಲ ಕಳೆದರೂ ಕಟ್ಟುವ ತೆರಿಗೆ ಹೊಸದಕ್ಕಿಂತ ಜಾಸ್ತಿ ಬರುತ್ತಿತ್ತು. ದರವೂ ಕಡಿಮೆ, ವಿನಾಯಿತಿಯೂ ಕಡಿಮೆ ಇರುವ ಈ ಹೊಸ ಪದ್ಧತಿ 2020ರ ಬಜೆಟ್‌ನಲ್ಲಿ ಆಯ್ಕೆಯಾಗಿ ಬಂತು, 2023ರ ಬಜೆಟ್‌ನಲ್ಲಿ ಸುಮ್ಮನಿದ್ದರೆ ತಾನಾಗಿಯೇ ಅನ್ವಯಿಸುವ ಪದ್ಧತಿಯಾಯಿತು, 2025ರ ಬಜೆಟ್‌ನಲ್ಲಿ 12 ಲಕ್ಷದವರೆಗೆ ತೆರಿಗೆಯೇ ಇಲ್ಲ ಎಂದಾಯಿತು. ಸಂಬಳದವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಿಂದ ನೇರವಾಗಿ ಕಳೆಯುವ ಮೊತ್ತ) ಸೇರಿ 12.75 ಲಕ್ಷ. ನನ್ನ ಸಂಬಳ ಅದಕ್ಕಿಂತ ಕಡಿಮೆ. ಈಗ ತೆರಿಗೆ ಸೊನ್ನೆ. ಸಂತೋಷವೇ. ಆದರೆ ಹೊಸ ಪದ್ಧತಿಯಲ್ಲಿ ಆ 50,000ದ ವಿನಾಯಿತಿ ಇಲ್ಲ. ಅಂದರೆ ಯಾವ ಕಾರಣಕ್ಕೆ ನಾನು ಸೇರಿದೆನೋ ಆ ಕಾರಣ ಹೋಯಿತು. ದುಡ್ಡು ಮಾತ್ರ ವರ್ಷಗಟ್ಟಲೆ ಒಳಗೇ ಇರಬೇಕು.

ಎನ್‌ಪಿಎಸ್ ಸೇರುವ ಮೊದಲು ಎಲ್ಲರೂ ತಲೆಗೆ ಹಾಕಿಕೊಳ್ಳಬೇಕಾದದ್ದು ಇದು. ವಿನಾಯಿತಿ ಸಿಗುವುದು ಆ ಒಂದು ವರ್ಷಕ್ಕೆ. ಬೀಗ ಬೀಳುವುದು ಇಪ್ಪತ್ತು ವರ್ಷಕ್ಕೆ. ಮಧ್ಯೆ ಎಷ್ಟು ಬಜೆಟ್ ಬರುತ್ತವೆ, ಯಾವುದು ಏನು ಮಾಡುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಅವಧಿಗೆ ಮುಂಚೆ ಪೂರ್ತಿ ಬಿಟ್ಟು ಬರುತ್ತೇನೆ ಎಂದರೆ ಕೈಗೆ ಸಿಗುವುದು ಶೇ. 20 ಮಾತ್ರ, ಉಳಿದ 80ಕ್ಕೆ ಆನ್ಯುಯಿಟಿ, ಅಂದರೆ ವಿಮಾ ಕಂಪನಿಗೆ ಗಂಟು ಕೊಟ್ಟು ಪಿಂಚಣಿ ಪಡೆಯುವ ಯೋಜನೆ, ಕೊಳ್ಳಬೇಕು. ಮೂರು ವರ್ಷ ಆದ ಮೇಲೆ ಮಕ್ಕಳ ಓದು, ಮದುವೆ, ಮನೆ, ದೊಡ್ಡ ಕಾಯಿಲೆ, ಇಂಥದಕ್ಕೆ ನಾವು ಕಟ್ಟಿದ್ದರಲ್ಲಿ ಶೇ. 25ರವರೆಗೆ ತೆಗೆಯಬಹುದು. ನಾವು ಕಟ್ಟಿದ್ದರಲ್ಲಿ ಎನ್ನುವುದನ್ನು ಗಮನಿಸಿ. ಬೆಳೆದ ಲಾಭದಲ್ಲಿ ಅಲ್ಲ. ಹೀಗೆ ತೆಗೆದದ್ದಕ್ಕೆ ತೆರಿಗೆ ಇಲ್ಲ, ಅದೊಂದು ಸಮಾಧಾನ.

2024-25ರಲ್ಲಿ ನಾನು ಬೇಜಾರಿನಿಂದ ವರ್ಷಕ್ಕೆ ಕನಿಷ್ಠ ಕಟ್ಟಬೇಕಾದ 1,000 ರೂಪಾಯಿ ಮಾತ್ರ ಕಟ್ಟಿ ಸುಮ್ಮನಾದೆ. ಆ ವರ್ಷ ಮಗಳ ಕಾಲೇಜು ಫೀಸಿಗೆ ಮ್ಯೂಚುವಲ್ ಫಂಡ್ ಮಾರಬೇಕಾಗಿ ಬಂತು. ಆಗಲೇ ನನ್ನ ಅಭಿಪ್ರಾಯ ಸ್ವಲ್ಪ ತಿರುಗಿದ್ದು.

ನಡೆದದ್ದು ಹೀಗೆ. 2024ರ ಜುಲೈ 23ರ ಬಜೆಟ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಷೇರು ಮತ್ತು ಈಕ್ವಿಟಿ ಫಂಡ್ ಮೇಲಿನ ದೀರ್ಘಾವಧಿ ಬಂಡವಾಳ ಗಳಿಕೆ ತೆರಿಗೆಯನ್ನು ಶೇ. 10ರಿಂದ 12.5ಕ್ಕೆ ಏರಿಸಿದರು. ಒಂದು ವರ್ಷದೊಳಗೆ ಮಾರಿದರೆ 15 ಇದ್ದದ್ದು 20 ಆಯಿತು. ಟೀವಿಯಲ್ಲಿ ಎಲ್ಲ ಕಡೆ ಹೂಡಿಕೆದಾರರಿಗೆ ಬರೆ ಎಂದೇ ಬಂತು. ನಾನು ಆಗಸ್ಟ್‌ನಲ್ಲಿ ಮಾರಿದೆ. ಲಾಭ 1.9 ಲಕ್ಷ. ಜೂನ್‌ನಲ್ಲೇ ಮಾರಿಬಿಡಬೇಕಿತ್ತು ಎಂದು ಮನೆಯಲ್ಲಿ ಬೇಸರ. ಆಮೇಲೆ ಕೂತು ಲೆಕ್ಕ ಹಾಕಿದೆ. ಹಳೆ ನಿಯಮದಲ್ಲಿ ಒಂದು ಲಕ್ಷದವರೆಗೆ ಮಾಫಿ, ಉಳಿದ 90,000ಕ್ಕೆ ಶೇ. 10, ಅಂದರೆ 9,000. ಹೊಸ ನಿಯಮದಲ್ಲಿ ಮಾಫಿ 1.25 ಲಕ್ಷ, ಉಳಿದ 65,000ಕ್ಕೆ ಶೇ. 12.5, ಅಂದರೆ 8,125. ಸೆಸ್ ಬೇರೆ. ನನಗೆ ತೆರಿಗೆ ಕಡಿಮೆಯೇ ಆಗಿತ್ತು! ವರ್ಷಕ್ಕೆ 2.25 ಲಕ್ಷದವರೆಗೆ ಲಾಭ ತೆಗೆಯುವವರಿಗೆ ಹೊಸ ನಿಯಮದಲ್ಲೇ ಕಡಿಮೆ. ಅದರ ಮೇಲೆ ಹೋದರೆ ಜಾಸ್ತಿ. ನಮ್ಮಂಥ ಸಣ್ಣ ಹೂಡಿಕೆದಾರರು ಬಜೆಟ್ ದಿನ ಹೆದರುವ ಮೊದಲು ಒಂದು ಪೆನ್ನು ಕಾಗದ ತೆಗೆದುಕೊಳ್ಳುವುದು ಒಳ್ಳೆಯದು ಎಂದು ಅವತ್ತು ಗೊತ್ತಾಯಿತು.

ಆದರೆ ಅದೇ ಲೆಕ್ಕ ಹಾಕುವಾಗ ಇನ್ನೊಂದು ಕಣ್ಣಿಗೆ ಬಿತ್ತು. ವಯಸ್ಸಾದಂತೆ ಷೇರು ಪಾಲು ಕಡಿಮೆ ಮಾಡಿ ಸಾಲಪತ್ರದ ಕಡೆ ದುಡ್ಡು ಸರಿಸಬೇಕಲ್ಲ, ಎಲ್ಲರೂ ಹೇಳುವುದು ಅದನ್ನೇ. ಮ್ಯೂಚುವಲ್ ಫಂಡ್‌ನಲ್ಲಿ ಹಾಗೆ ಸರಿಸಿದರೆ ಅದು ಮಾರಾಟ. ಪ್ರತಿ ಸಲವೂ ಲಾಭಕ್ಕೆ ತೆರಿಗೆ. ಸರಿಸಿದ ಮೇಲೆ ಆ ಡೆಟ್ ಫಂಡ್‌ಗೂ ಈಗ ಸುಖವಿಲ್ಲ. 2023ರ ಏಪ್ರಿಲ್ 1ರ ನಂತರ ಕೊಂಡ ಡೆಟ್ ಫಂಡ್‌ಗೆ ಇಂಡೆಕ್ಸೇಷನ್ (ಬೆಲೆ ಏರಿಕೆಯನ್ನು ಲಾಭದಿಂದ ಕಳೆಯುವ ಸೌಲಭ್ಯ) ಇಲ್ಲ, ಎಷ್ಟು ವರ್ಷ ಇಟ್ಟರೂ ಲಾಭ ನಿಮ್ಮ ಸ್ಲ್ಯಾಬ್ ಪ್ರಕಾರವೇ. ಎಫ್‌ಡಿ ಬಡ್ಡಿಯ ಹಾಗೆಯೇ ಆಯಿತು. 12 ಲಕ್ಷದವರೆಗೆ ತೆರಿಗೆ ಇಲ್ಲ ಎನ್ನುವ ರಿಯಾಯಿತಿಯೂ ಈಕ್ವಿಟಿ ಫಂಡ್‌ನ ಈ ವಿಶೇಷ ದರದ ಲಾಭಕ್ಕೆ ಸಿಗುವುದಿಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲ, ರಿಟರ್ನ್ಸ್ ಹಾಕುವಾಗ ಗೊತ್ತಾಗಿ ಗಾಬರಿಯಾಗುತ್ತಾರೆ.

ಎನ್‌ಪಿಎಸ್ ಒಳಗೆ ಅದೇ ಕೆಲಸಕ್ಕೆ ತೆರಿಗೆ ಇಲ್ಲ. ಷೇರಿಗೆ ಇ, ಕಂಪನಿ ಸಾಲಪತ್ರಕ್ಕೆ ಸಿ, ಸರ್ಕಾರಿ ಸಾಲಪತ್ರಕ್ಕೆ ಜಿ ಎಂಬ ವಿಭಾಗಗಳಿವೆ. ವರ್ಷದಲ್ಲಿ ನಾಲ್ಕು ಸಲ ಈ ಪಾಲು ಬದಲಿಸಬಹುದು, ಒಂದು ಸಲ ಫಂಡ್ ಮ್ಯಾನೇಜರ್‌ನನ್ನೇ ಬದಲಿಸಬಹುದು. ಹತ್ತು ವರ್ಷದಲ್ಲಿ ನಾನು ಐದು ಸಲ ಪಾಲು ಬದಲಿಸಿದ್ದೇನೆ, ಒಂದು ರೂಪಾಯಿ ತೆರಿಗೆ ಬಂದಿಲ್ಲ, ರಿಟರ್ನ್ಸ್‌ನಲ್ಲಿ ಒಂದು ಸಾಲು ಬರೆದಿಲ್ಲ. ಹೊರಗೆ ಬಂಡವಾಳ ಗಳಿಕೆ ನಿಯಮ 2018ರಲ್ಲಿ ಒಮ್ಮೆ, 2023ರಲ್ಲಿ ಒಮ್ಮೆ, 2024ರಲ್ಲಿ ಒಮ್ಮೆ ಬದಲಾಯಿತು. ಒಳಗಿದ್ದ ದುಡ್ಡಿಗೆ ಅದು ಯಾವುದೂ ತಾಗಲಿಲ್ಲ. 50,000ದ ವಿನಾಯಿತಿಗಿಂತ ಇದೇ ದೊಡ್ಡದು ಎನ್ನುವುದು ಈಗಿನ ನನ್ನ ಅಭಿಪ್ರಾಯ. ಆದರೆ ಖಾತೆ ಮಾಡಿಸುವವರು ಯಾರೂ ಇದನ್ನು ಹೇಳುವುದಿಲ್ಲ. ನನಗೂ ಯಾರೂ ಹೇಳಲಿಲ್ಲ.

ಖರ್ಚೂ ತುಂಬಾ ಕಡಿಮೆ. ಫಂಡ್ ನಿರ್ವಹಣೆಗೆ 2025ರವರೆಗೆ ಶೇ. 0.1ಕ್ಕಿಂತ ಕಡಿಮೆ ಇತ್ತು. ಸಾಮಾನ್ಯ ಮ್ಯೂಚುವಲ್ ಫಂಡ್‌ನಲ್ಲಿ ಏಜೆಂಟ್ ಮೂಲಕ ಹಾಕಿದರೆ ಅದರ ಹತ್ತು ಹದಿನೈದು ಪಟ್ಟು ಹೋಗುತ್ತದೆ. ಇಪ್ಪತ್ತು ವರ್ಷಕ್ಕೆ ಇದು ದೊಡ್ಡ ಮೊತ್ತವಾಗುತ್ತದೆ.

ಇನ್ನು ಸೇವೆ. ನಾನು ಮೊದಲು ಒಂದು ಬ್ಯಾಂಕಿನ ಶಾಖೆಯ ಮೂಲಕ ಸೇರಿದೆ. ಅದು ತಪ್ಪಾಯಿತು. ಯಾವ ಬ್ಯಾಂಕ್ ಎಂದು ಹೇಳುವುದಿಲ್ಲ. ಕೌಂಟರಿನಲ್ಲಿ ಕೂತವರಿಗೆ ಎನ್‌ಪಿಎಸ್ ಎಂದರೆ ಏನೆಂದು ಗೊತ್ತಿರಲಿಲ್ಲ. ಪಕ್ಕದ ಮೇಜಿನವರು ಇದರ ಬದಲು ವಿಮೆ ಪಾಲಿಸಿ ಮಾಡಿಸಿ ಎಂದು ಮೂರು ಸಲ ಹೇಳಿದರು. ಮಾರ್ಚ್ 28ಕ್ಕೆ ಕೊಟ್ಟ ಚೆಕ್ ಖಾತೆಗೆ ಜಮಾ ಆದದ್ದು ಏಪ್ರಿಲ್‌ನಲ್ಲಿ, ಆ ವರ್ಷದ ವಿನಾಯಿತಿಗೆ ಒದ್ದಾಡಬೇಕಾಯಿತು. ನಾಮಿನಿ ಬದಲಿಸಲು ಕೊಟ್ಟ ಅರ್ಜಿ ಎರಡು ಸಲ ಕಳೆದುಹೋಯಿತು. ಮೇಲಾಗಿ ಪ್ರತಿ ಕಂತಿಗೂ ಅವರ ಶುಲ್ಕ. ಆಮೇಲೆ ನಾನೇ ಆನ್‌ಲೈನ್‌ನಲ್ಲಿ ಕಟ್ಟಲು ಶುರು ಮಾಡಿದೆ. ಈಗ ಡಿ-ರೆಮಿಟ್ ಎಂದು ಒಂದು ವ್ಯವಸ್ಥೆ ಇದೆ. ನಿಮ್ಮ ಪ್ರಾನ್ ನಂಬರಿಗೆ (ಎನ್‌ಪಿಎಸ್ ಖಾತೆಯ ನಂಬರು) ಸೇರಿದ ಒಂದು ವರ್ಚುವಲ್ ಖಾತೆ ಸಿಗುತ್ತದೆ, ನಿಮ್ಮ ನೆಟ್ ಬ್ಯಾಂಕಿಂಗ್‌ನಿಂದ ನೇರ ಅದಕ್ಕೆ ಹಾಕಿದರೆ ಆಯಿತು. ಬೆಳಿಗ್ಗೆ 11ರೊಳಗೆ ತಲುಪಿದರೆ ಅವತ್ತಿನ ಎನ್‌ಎವಿಯೇ (ಫಂಡ್‌ನ ಯೂನಿಟ್ ಬೆಲೆ) ಸಿಗುತ್ತದೆ. ತಿಂಗಳಿಗೊಮ್ಮೆ ತಾನಾಗಿಯೇ ಹೋಗುವ ಹಾಗೂ ಇಡಬಹುದು. ದಯವಿಟ್ಟು ಶಾಖೆಗೆ ಹೋಗಬೇಡಿ, ಇದನ್ನೇ ಬಳಸಿ. ವೆಬ್‌ಸೈಟ್ ನೋಡಲು ಅಷ್ಟೇನೂ ಚೆನ್ನಾಗಿಲ್ಲ, ಪಾಸ್‌ವರ್ಡ್ ಮರೆತರೆ ಸ್ವಲ್ಪ ಕಷ್ಟ, ಆದರೆ ಕೆಲಸ ನಡೆಯುತ್ತದೆ.

ಹೊಸ ಪದ್ಧತಿಯಲ್ಲೂ ಎನ್‌ಪಿಎಸ್‌ನಿಂದ ತೆರಿಗೆ ಉಳಿಸುವ ಒಂದು ದಾರಿ ಇನ್ನೂ ಇದೆ. ಕಂಪನಿಯೇ ನಿಮ್ಮ ಪರವಾಗಿ ಕಟ್ಟುವುದು, 80ಸಿಸಿಡಿ (2). 2024ರ ಜುಲೈ ಬಜೆಟ್‌ನಲ್ಲಿ ಹೊಸ ಪದ್ಧತಿಯವರಿಗೆ ಇದರ ಮಿತಿಯನ್ನು ಮೂಲ ವೇತನದ ಶೇ. 10ರಿಂದ 14ಕ್ಕೆ ಏರಿಸಿದರು. ನಮ್ಮ ಆಫೀಸಿನ ಒಬ್ಬ ಹುಡುಗನ ಲೆಕ್ಕ ಹೇಳುತ್ತೇನೆ. ಪಿಎಫ್‌ನ ಕಂಪನಿ ಪಾಲು ಬಿಟ್ಟು ವರ್ಷದ ಸಂಬಳ 13.5 ಲಕ್ಷ, ಅದರಲ್ಲಿ ಮೂಲ ವೇತನ 6 ಲಕ್ಷ. 75,000 ಕಳೆದರೆ 12.75 ಲಕ್ಷ ಉಳಿಯುತ್ತದೆ, 12 ಲಕ್ಷದ ಗಡಿ ದಾಟಿತು. ತೆರಿಗೆ 71,250, ಸೆಸ್ ಸೇರಿ 74,100 ರೂಪಾಯಿ. ಅದೇ ಸಂಬಳದ ಒಳಗೇ 84,000 ರೂಪಾಯಿಯನ್ನು ಕಂಪನಿಯ ಕಡೆಯಿಂದ ಎನ್‌ಪಿಎಸ್‌ಗೆ ಹಾಕಿಸಿದರೆ ಆದಾಯ 11.91 ಲಕ್ಷಕ್ಕೆ ಇಳಿಯುತ್ತದೆ. ತೆರಿಗೆ ಸೊನ್ನೆ. 84,000 ಪಿಂಚಣಿ ಖಾತೆಗೆ ಹೋಗಲು ಅವನ ಕೈಯಿಂದ ನಿಜವಾಗಿ ಕಡಿಮೆಯಾದದ್ದು 9,900 ರೂಪಾಯಿ ಅಷ್ಟೇ! ನಾನೇ ಅವನನ್ನು ಕರೆದುಕೊಂಡು ಎಚ್‌ಆರ್ ಹತ್ತಿರ ಹೋದೆ. ಅವರು ಮೊದಲು ಹಾಗೆಲ್ಲ ಆಗುವುದಿಲ್ಲ ಎಂದರು. ಕಂಪನಿಗೆ ಒಂದು ರೂಪಾಯಿ ಹೆಚ್ಚು ಖರ್ಚಿಲ್ಲ, ಇರುವ ಸಂಬಳವನ್ನೇ ಬೇರೆ ಮಾಡಿ ಬರೆಯುವುದು ಎಂದು ವಿವರಿಸಿದ ಮೇಲೆ ಒಪ್ಪಿದರು. ಎರಡು ತಿಂಗಳು ಹಿಡಿಯಿತು. 12.75 ಲಕ್ಷದ ಸ್ವಲ್ಪ ಆಚೆ ಇರುವವರು ಈ ಲೆಕ್ಕವನ್ನು ಖಂಡಿತ ಹಾಕಿ ನೋಡಬೇಕು. ಸಂಬಳ ಗಡಿಗಿಂತ ಕೆಳಗಿರುವವರಿಗೆ ಇದರಿಂದ ಏನೂ ಉಳಿಯುವುದಿಲ್ಲ. ಸ್ವಂತ ಅಂಗಡಿ, ಸ್ವಂತ ಕಸುಬಿನವರಿಗೆ ಕಂಪನಿಯೇ ಇಲ್ಲವಲ್ಲ, ಅವರಿಗೆ ಈ ದಾರಿಯೇ ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ಪಿಎಫ್ ಕೂಡ ಇಲ್ಲದ ಅವರಿಗೇ ಅಲ್ವಾ ಪಿಂಚಣಿ ಜಾಸ್ತಿ ಬೇಕಿರುವುದು?

ಇನ್ನು ಹೊರಬರುವ ಬಾಗಿಲು. ಇದರ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಸೇರಿದಾಗ 60ಕ್ಕೆ ಸಿಗುವ ಇಡಿಗಂಟಿಗೆ ತೆರಿಗೆ ಇತ್ತು. 2016ರ ಬಜೆಟ್‌ನಲ್ಲಿ ಒಟ್ಟು ಗಂಟಿನ ಶೇ. 40ಕ್ಕೆ ತೆರಿಗೆ ಇಲ್ಲ ಎಂದರು. ಆದರೆ ಅದೇ ಬಜೆಟ್‌ನಲ್ಲಿ ಪಿಎಫ್ ಅನ್ನೂ ಇದಕ್ಕೆ ಸಮ ಮಾಡುತ್ತೇವೆ, ಇನ್ನು ಮುಂದೆ ಕಟ್ಟುವ ಪಿಎಫ್‌ನ ಶೇ. 60 ಭಾಗಕ್ಕೆ ತೆಗೆಯುವಾಗ ತೆರಿಗೆ ಎಂದೂ ಹೇಳಿದರು. ಗಲಾಟೆಯಾಗಿ ಮಾರ್ಚ್ 8ಕ್ಕೆ ಅದನ್ನು ವಾಪಸ್ ಪಡೆದರು. ಮುಂದಿನ ತಿಂಗಳು ಬೆಂಗಳೂರಿನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಅದು ಬಜೆಟ್‌ನದಲ್ಲ, ಮಾಲೀಕರ ಪಾಲಿನ ಪಿಎಫ್ ಅನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಜನ ಹೊಸೂರು ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಸರ್ಕಾರ ಆ ನಿಯಮವನ್ನೂ ಕೈಬಿಟ್ಟಿತು. ತಿಂಗಳಿಗೆ ಅಷ್ಟು ಕಡಿಮೆ ಸಂಬಳ ಪಡೆಯುವವರು ತಮ್ಮ ದುಡ್ಡಿನ ನಿಯಮವನ್ನು ಎಷ್ಟು ಹತ್ತಿರದಿಂದ ನೋಡುತ್ತಿದ್ದರು ಎಂದು ನನಗೆ ಇವತ್ತಿಗೂ ಗೌರವ ಇದೆ. ನಾವು ಆಫೀಸಿನವರು ಬಜೆಟ್ ದಿನ ಸ್ಲ್ಯಾಬ್ ಮಾತ್ರ ನೋಡುತ್ತೇವೆ.

ಎನ್‌ಪಿಎಸ್‌ಗೆ ವಾಪಸ್ ಬರೋಣ. 2016ರ ನಂತರವೂ ಪೂರ್ತಿ ಬಿಡುಗಡೆಯಾಗಲಿಲ್ಲ. ಶೇ. 60 ಕೈಗೆ ಸಿಗುತ್ತಿತ್ತು, 40ಕ್ಕೆ ಮಾತ್ರ ಮಾಫಿ, ಮಧ್ಯದ 20ಕ್ಕೆ ತೆರಿಗೆ. 2019ರಲ್ಲಿ ಕಾಯ್ದೆ ತಿದ್ದಿ ಪೂರ್ತಿ 60ಕ್ಕೆ ಮಾಫಿ ಮಾಡಿದರು. ಉಳಿದ 40ಕ್ಕೆ ಆನ್ಯುಯಿಟಿ ಕಡ್ಡಾಯ. ಎಲ್ಲರ ಬೇಜಾರು ಅದರ ಮೇಲೇ. ಸತ್ತ ಮೇಲೆ ಅಸಲು ಮನೆಯವರಿಗೆ ವಾಪಸ್ ಬರುವ ಆನ್ಯುಯಿಟಿಗೆ ಸಿಗುವುದು ವರ್ಷಕ್ಕೆ ಸುಮಾರು ಶೇ. 6ರಿಂದ 7. ಅದೂ ನಿಮ್ಮ ಆದಾಯಕ್ಕೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆಗೆ ಬರುತ್ತದೆ. ಬೆಲೆ ಏರುತ್ತದೆ, ಪಿಂಚಣಿ ಏರುವುದಿಲ್ಲ.

2025ರ ಡಿಸೆಂಬರ್‌ನಲ್ಲಿ ಪಿಎಫ್‌ಆರ್‌ಡಿಎ (ಎನ್‌ಪಿಎಸ್ ನಿಯಮ ಮಾಡುವ ಪಿಂಚಣಿ ಪ್ರಾಧಿಕಾರ) ಇದನ್ನು ಬದಲಿಸಿತು. ಸರ್ಕಾರಿ ನೌಕರರಲ್ಲದವರಿಗೆ ಈಗ ಆನ್ಯುಯಿಟಿ ಶೇ. 20 ಸಾಕು, 80 ಕೈಗೆ ಸಿಗುತ್ತದೆ. ಗಂಟು 8 ಲಕ್ಷದೊಳಗೆ ಇದ್ದರೆ ಪೂರ್ತಿ ತೆಗೆಯಬಹುದು. 85 ವರ್ಷದವರೆಗೆ ಖಾತೆಯಲ್ಲೇ ಬಿಡಬಹುದು. ಒಳ್ಳೆಯ ಬದಲಾವಣೆ, ಮನಸ್ಸಿಗೆ ಖುಷಿಯಾಯಿತು. ಆದರೆ ಕೊಡುವ ನಿಯಮ ಬರೆಯುವುದು ಪಿಎಫ್‌ಆರ್‌ಡಿಎ, ತೆರಿಗೆ ಕಾಯ್ದೆ ಬರೆಯುವುದು ಬಜೆಟ್. ಕಾಯ್ದೆಯಲ್ಲಿ ಮಾಫಿ ಇನ್ನೂ 60ಕ್ಕೇ ಇದೆ. ಮತ್ತೆ ಮಧ್ಯದಲ್ಲಿ ಒಂದು 20 ಸಿಕ್ಕಿಹಾಕಿಕೊಂಡಿದೆ, 2016ರಲ್ಲಿ ಆದ ಹಾಗೆಯೇ.

ಲೆಕ್ಕ ಮಾಡಿ ನೋಡಿ. ಗಂಟು 30 ಲಕ್ಷ ಎಂದುಕೊಳ್ಳೋಣ. 24 ಲಕ್ಷ ತೆಗೆಯಬಹುದು. 18 ಲಕ್ಷಕ್ಕೆ ಮಾಫಿ. ಮಿಕ್ಕ 6 ಲಕ್ಷಕ್ಕೆ ಕಾಯ್ದೆಯಲ್ಲಿ ಮಾಫಿ ಇಲ್ಲ. ನಿವೃತ್ತಿಯಾದ ವರ್ಷವೇ ತೆಗೆದರೆ ಆ ವರ್ಷದ ಸಂಬಳದ ಜೊತೆ ಸೇರಿಕೊಂಡು ಸ್ಲ್ಯಾಬ್ ಮೇಲಕ್ಕೆ ಹೋಗಬಹುದು. ಒಂದು ವರ್ಷ ಕಾದು, ಸಂಬಳ ಇಲ್ಲದ ವರ್ಷದಲ್ಲಿ ತೆಗೆದರೆ, ಬೇರೆ ಆದಾಯ ಅಷ್ಟಿಲ್ಲದಿದ್ದರೆ, ಇವತ್ತಿನ 12 ಲಕ್ಷದ ಗಡಿಯೊಳಗೇ ಮುಗಿಯುತ್ತದೆ. ನಮ್ಮಲ್ಲಿ ಈ ಮಾರ್ಚ್‌ಗೆ ನಿವೃತ್ತಿಯಾಗುವ ಹಿರಿಯರೊಬ್ಬರಿಗೆ ಇದನ್ನೇ ಹೇಳಿದ್ದೇನೆ. ಸಾರ್, ಅವಸರ ಬೇಡ, ಏಪ್ರಿಲ್ ಆದ ಮೇಲೆ ನಿಮ್ಮ ಆಡಿಟರ್ ಹತ್ತಿರ ಕೂತು ನೋಡಿ ತೆಗೆಯಿರಿ ಎಂದು. ಆನ್ಯುಯಿಟಿಗೆ 12 ಲಕ್ಷದ ಬದಲು 6 ಲಕ್ಷ ಹಾಕಿದರೆ ತಿಂಗಳ ಪಿಂಚಣಿಯೂ ಸುಮಾರು 6,500ರ ಬದಲು 3,250 ಆಗುತ್ತದೆ ಎನ್ನುವುದನ್ನೂ ಹೇಳಿದೆ. ಕೈಗೆ ಬಂದ ಇಡಿಗಂಟು ಮನೆ ಕಟ್ಟುವುದಕ್ಕೋ ಮದುವೆಗೋ ಹೋಗಿಬಿಟ್ಟರೆ ಆಮೇಲೆ ಉಳಿಯುವುದು ಆ 3,250 ಮಾತ್ರ. ಮಕ್ಕಳು ಕೇಳಿದರೆ ಇಲ್ಲ ಎನ್ನಲು ಆಗದವರಿಗೆ 40 ಇದ್ದದ್ದೇ ಒಳ್ಳೆಯದಿತ್ತೇನೋ ಎಂದು ನನಗೆ ನಿಜವಾಗಿ ಅನಿಸುತ್ತದೆ. ಬೇಕಾದರೆ ಈಗಲೂ 40 ಇಡಬಹುದು, ಯಾರೂ ತಡೆಯುವುದಿಲ್ಲ.

ಪಿಪಿಎಫ್ ಬಗ್ಗೆಯೂ ಕೇಳುತ್ತಾರೆ. 2020ರ ಏಪ್ರಿಲ್‌ನಿಂದ ಬಡ್ಡಿ 7.1ರಲ್ಲೇ ನಿಂತಿದೆ. ಹೊಸ ಪದ್ಧತಿಯಲ್ಲಿ ಕಟ್ಟುವಾಗ ವಿನಾಯಿತಿ ಇಲ್ಲದಿದ್ದರೂ ಬಡ್ಡಿಗೂ ಕೊನೆಗೆ ಸಿಗುವ ಹಣಕ್ಕೂ ತೆರಿಗೆ ಇಲ್ಲ. ಷೇರಿನ ಏರಿಳಿತ ಬೇಡ ಎನ್ನುವವರಿಗೆ ಅದೇ ಸರಿ. ಮಕ್ಕಳ ಹೆಸರಿನ ಎನ್‌ಪಿಎಸ್ ವಾತ್ಸಲ್ಯ 2024ರ ಸೆಪ್ಟೆಂಬರ್‌ನಲ್ಲಿ ಬಂತು, ನಾನು ಮಾಡಿಸಿಲ್ಲ. ಮಗುವಿಗೆ ದುಡ್ಡು ಬೇಕಾಗುವುದು ಓದಿಗೆ, ಪಿಂಚಣಿಗಲ್ಲ.

ಹಾಗಾದರೆ ಸೇರಬೇಕಾ? ನನ್ನ ಉತ್ತರ ಹೀಗಿದೆ. ಕಂಪನಿ ಮೂಲಕ ಶೇ. 14 ಸಿಗುವುದಾದರೆ, ತೆರಿಗೆ ಕಟ್ಟುವ ಸಂಬಳ ಇದ್ದರೆ, ಯೋಚನೆ ಮಾಡದೆ ಸೇರಿ. ಹಳೆ ಪದ್ಧತಿಯಲ್ಲೇ ಉಳಿದು ಮನೆ ಸಾಲ, ಬಾಡಿಗೆ ಎಲ್ಲ ತೋರಿಸುವವರಿಗೆ 50,000ದ ವಿನಾಯಿತಿ ಇನ್ನೂ ಇದೆ, ಬಿಡಬೇಡಿ. ಈ ಎರಡೂ ಇಲ್ಲದವರು ತೆರಿಗೆಯನ್ನು ಮರೆತು, ಇದು 60ರವರೆಗೆ ಮುಟ್ಟದ ದುಡ್ಡಾ ಎಂದು ಕೇಳಿಕೊಳ್ಳಿ. ಮುಟ್ಟುವುದಿಲ್ಲ ಎಂದಾದರೆ ಇಷ್ಟು ಕಡಿಮೆ ಖರ್ಚಿನಲ್ಲಿ, ತೆರಿಗೆ ಇಲ್ಲದೆ ಪಾಲು ಬದಲಿಸುವ ಅವಕಾಶ ಬೇರೆ ಕಡೆ ಸಿಗುವುದಿಲ್ಲ. ಮೂವತ್ತು ವಯಸ್ಸಿನವರು, ಇನ್ನೂ ಮನೆ ಕಟ್ಟದವರು, ಇರುವ ಉಳಿತಾಯವನ್ನೆಲ್ಲ ಇದಕ್ಕೇ ಹಾಕಬೇಡಿ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದು ಕಡಿಮೆ ಯಾಕೆಂದರೆ, ದುಡ್ಡು ಬೀಗದೊಳಗೆ ಇರುವಾಗ ನಿಯಮ ಬದಲಿಸಿದರೂ, ಹಳಬರಿಗೆ ಪೂರ್ತಿ ದುಡ್ಡಿನೊಂದಿಗೆ ಹೊರಡುವ ಅವಕಾಶವನ್ನು ಸರ್ಕಾರ ಒಮ್ಮೆಯೂ ಕೊಟ್ಟಿಲ್ಲ.

ಈ ವರ್ಷದಿಂದ ನಾನು ಮತ್ತೆ ಕಟ್ಟಲು ಶುರು ಮಾಡಿದ್ದೇನೆ. 50,000 ಅಲ್ಲ, ಅರ್ಧ. ಇನ್ನರ್ಧ ಒಂದು ಇಂಡೆಕ್ಸ್ ಫಂಡ್‌ಗೆ, ಬೇಕೆಂದಾಗ ಮಾರಬಹುದು ಎಂದು. ಫೆಬ್ರವರಿ 1ರಂದು ಎಲ್ಲರೂ ಸ್ಲ್ಯಾಬ್ ನೋಡುವಾಗ ನಾನು ನೋಡುವುದು ಎರಡೇ ವಿಷಯ: ಮಧ್ಯದಲ್ಲಿ ಉಳಿದ ಆ 20ಕ್ಕೂ ಮಾಫಿ ಕೊಡುತ್ತಾರಾ, ಕಂಪನಿ ಇಲ್ಲದವರಿಗೂ ಹೊಸ ಪದ್ಧತಿಯಲ್ಲಿ ಏನಾದರೂ ದಾರಿ ಮಾಡುತ್ತಾರಾ ಎಂದು. ಏನಾದರೂ ಬದಲಾದರೆ ಇಲ್ಲೇ ಸೇರಿಸಿ ಬರೆಯುತ್ತೇನೆ.